ಕಾದ ಪೆಟ್ಟಿಗೆ ಹೊತ್ತು ಎಸ್.ಪಿ. ರೋಡಿಗೆ

ಬೆಂಗಳೂರಿನ ಎಸ್.ಪಿ. ರೋಡಿಗೆ ಭಾನುವಾರ ಹೋಗಬೇಡಿ. ಬಹುತೇಕ ಅಂಗಡಿಗಳ ಶಟರು ಎಳೆದಿರುತ್ತದೆ. ಇದು ನನಗೆ ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೀಗಾಗಿ ಒಂದು ಭಾನುವಾರ ಕೆಟ್ಟುಹೋದ ಗೇಮ್ ಕನ್ಸೋಲನ್ನು ಬ್ಯಾಗಿಗೆ ತುರುಕಿಕೊಂಡು ಹೋಗಿ, ಮುಚ್ಚಿದ ಅಂಗಡಿಗಳ ಮೆಟ್ಟಿಲ ಮೇಲೆ ಮಲಗಿದ್ದ ನಾಯಿಗಳನ್ನು ನೋಡಿಕೊಂಡು ವಾಪಸ್ ಬಂದೆ. ಮುಂದಿನ ಶನಿವಾರ ಅಪ್ಪ ತಾವಾಗಿಯೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಡಿ, ನಾನೂ ಬರ್ತೀನಿ" ಅಂದರು.

ಮೂವತ್ತು ವರ್ಷದವನಿಗೆ ವೀಡಿಯೋ ಗೇಮ್ ಯಾಕೆ ಅಂತ ನೀವು ಕೇಳಬಹುದು. ನಮ್ಮನೆಯಲ್ಲಿ ಅದನ್ನು ಆಡುವವರು ಮುಖ್ಯವಾಗಿ ಅಪ್ಪ. ಅಮ್ಮ ಹೋಗಿ ಎರಡು ವರ್ಷವಾಯಿತು. ತಿಪಟೂರಿನ ಮನೆಗೆ ಬೀಗ ಹಾಕಿ ಅಪ್ಪನನ್ನು ಕೋಣನಕುಂಟೆಯ ನನ್ನ ಬಾಡಿಗೆ ಮನೆಗೆ ಕರೆತಂದಾಗ ನಮ್ಮಿಬ್ಬರ ಮಧ್ಯೆ ಮಾತು ಅಂದರೆ "ಊಟ ಆಯ್ತಾ", "ಹ್ಞೂಂ, ಆಯ್ತು" ಇಷ್ಟೇ. ಮೊದಲೆಲ್ಲ ಅಮ್ಮ ನಡುವೆ ಕೂತು ನನ್ನ ಮಾತನ್ನು ಅವರಿಗೂ ಅವರ ಮಾತನ್ನು ನನಗೂ ಮುಟ್ಟಿಸುತ್ತಿದ್ದಳು. ಆ ಜಾಗವನ್ನು ಈಗ ತುಂಬಿರುವುದು ರಾತ್ರಿ ಊಟದ ನಂತರದ ಕ್ರಿಕೆಟ್ ಆಟ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ನಾನು, ಒಂದೇ ಟೀಮು.

ಆ ಆಟದಲ್ಲಿ ನಮಗೆ ಬೇಕಾದ ಆಟಗಾರನನ್ನು ನಾವೇ ಮಾಡಿಕೊಂಡು ಹೆಸರಿಡಬಹುದು. ಅಮ್ಮ ಇದ್ದಾಗ ಒಂದು ದೀಪಾವಳಿಗೆ ಇಬ್ಬರೂ ಬಂದಿದ್ದರು. ಓಪನಿಂಗ್ ಬ್ಯಾಟ್ಸ್‌ಮನ್‌ಗೆ ಏನು ಹೆಸರಿಡಲಿ ಅಂತ ಕೇಳಿದ್ದಕ್ಕೆ ಅಪ್ಪ "ಇವಳೇ" ಅಂದರು. ನಮ್ಮ ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಜೀವನವಿಡೀ "ಇವಳೇ" ಅಂತಲೇ ಕರೆದವರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಟೈಪ್ ಮಾಡಿದೆ. ಅವತ್ತಿನಿಂದ ಇವಳೇ ನಮ್ಮ ತಂಡದ ಓಪನರ್. ಕನ್ಸೋಲು ಕೈಕೊಟ್ಟ ಹಿಂದಿನ ರಾತ್ರಿ ನಾವು ಆಟ ಸೇವ್ ಮಾಡಿ ಮಲಗಿದಾಗ ಇವಳೇ 94 ನಾಟೌಟ್.

ಕೈಕೊಡುವ ಸೂಚನೆ ಬೇಸಿಗೆಯಲ್ಲೇ ಸಿಕ್ಕಿತ್ತು. ನಾಲ್ಕು ಓವರ್ ಆಗುವಷ್ಟರಲ್ಲಿ ಒಳಗಿನ ಫ್ಯಾನು ಮಿಕ್ಸಿಯ ಹಾಗೆ ಅರಚುತ್ತಿತ್ತು. ಆಮೇಲೆ ಪರದೆಯ ಮೇಲೆ, ತುಂಬಾ ಬಿಸಿಯಾಗಿದೆ, ಆರುವವರೆಗೆ ಕಾಯಿರಿ ಅನ್ನುವ ಎಚ್ಚರಿಕೆ. ನಾನು ಅದನ್ನು ಟಿವಿ ಶೋಕೇಸಿನ ಮುಚ್ಚಿದ ಗೂಡಿನಿಂದ ಹೊರಗೆ ತೆಗೆದಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಹಚ್ಚಿ, ಇಷ್ಟು ಸಾಕು ಅಂದುಕೊಂಡೆ. ಒಂದು ದಿನ ಆನ್ ಮಾಡಿದ ಒಂದೇ ನಿಮಿಷಕ್ಕೆ ಟಪ್ ಅಂತ ನಿಂತಿತು. ಮತ್ತೆ ಆನ್ ಮಾಡಿದರೂ ಅದೇ ಕಥೆ.

ಸರ್ವಿಸ್ ಸೆಂಟರಿಗೆ ಹೋದೆ. ಏಸಿ ರೂಮು, ಟೋಕನ್, ಕಾಫಿ ಮಷಿನ್ ಎಲ್ಲ ಇತ್ತು. ವಾರಂಟಿ ಮುಗಿದು ಐದಾರು ವರ್ಷವಾಗಿದೆ, ಬಿಚ್ಚಿ ರಿಪೇರಿ ಮಾಡುವುದಿಲ್ಲ, ಬದಲಿಗೆ ಬೇರೆ ಪೆಟ್ಟಿಗೆ ಕೊಡುತ್ತೇವೆ, ಒಳಗಿನ ಡೇಟಾ ಸಿಗುವುದಿಲ್ಲ ಅಂದರು. ಹಳೆಯ ಡಿಸ್ಕನ್ನೇ ಹೊಸದಕ್ಕೆ ಹಾಕಿಕೊಡಿ ಅಂದೆ. ಹಾಗೆ ಆಗುವುದಿಲ್ಲವಂತೆ, ಅದರ ಡಿಸ್ಕಿನಲ್ಲಿರುವುದು ಆ ಒಂದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಗುಪ್ತಲಿಪಿ. ಆಫೀಸಿನಲ್ಲಿ ಜೂನಿಯರ್‌ಗಳಿಗೆ ಬ್ಯಾಕಪ್ ಬಗ್ಗೆ ಗಂಟೆಗಟ್ಟಲೆ ಕೊರೆಯುವವನು ನಾನು. ಒಂದು ಪೆನ್ ಡ್ರೈವಿಗೆ ಕಾಪಿ ಮಾಡಿಟ್ಟಿದ್ದರೆ ಮುಗಿಯುತ್ತಿತ್ತು. ಮಾಡಿರಲಿಲ್ಲ.

ಕೌಂಟರಿನ ಹುಡುಗ ಕೊನೆಗೆ ಸಮಾಧಾನ ಮಾಡುವಂತೆ, "ಈಗೆಲ್ಲ ಯಾರು ಸಾರ್ ರಿಪೇರಿ ಮಾಡಿಸ್ತಾರೆ? ಹೊಸದೇ ತಗೊಂಬಿಡಿ" ಅಂದ. ಅವನ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ. ಅದು ನನ್ನದೇ ಮಾತು. ತಿಪಟೂರು ಬಸ್‌ಸ್ಟ್ಯಾಂಡ್ ಹತ್ತಿರ ಹತ್ತಡಿ ಅಗಲದ ಅಂಗಡಿಯಲ್ಲಿ ಅಪ್ಪ ಮೂವತ್ತು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವರು. ನನಗೆ ಕೆಲಸ ಸಿಕ್ಕ ವರ್ಷ ಇದೇ ಮಾತು ಹೇಳಿ ಆ ಅಂಗಡಿ ಮುಚ್ಚಿಸಿದ್ದು ನಾನು. ಮೊದಲ ಸಂಬಳದ ಜೋರು ಅದು. ಅಪ್ಪ ವಾದ ಮಾಡಲಿಲ್ಲ. ಮುಂದಿನ ತಿಂಗಳ ಬಾಡಿಗೆ ಕೊಡುವ ಮೊದಲೇ ಬೋರ್ಡು ಇಳಿಸಿದ್ದರು.

ಇರಲಿ, ದಾರಿಗೆ ಬರೋಣ. ಕೋಣನಕುಂಟೆಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಬದಲಾಯಿಸುವ ತಾಪತ್ರಯವಿಲ್ಲದೆ ಕೆ.ಆರ್. ಮಾರ್ಕೆಟ್. ಮೇಲೆ ಬಂದರೆ ಪಕ್ಕದಲ್ಲೇ ಕೋಟೆ. 1537ರಲ್ಲಿ ಕೆಂಪೇಗೌಡರು ಮಣ್ಣಿನಲ್ಲಿ ಕಟ್ಟಿಸಿದ್ದನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ಒಂದು ತುಂಡು. ಅಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವರು ಹುಡುಕುತ್ತಿದ್ದದ್ದು ಒಂದು ಟೀ ಅಂಗಡಿ. ಅದು ಇರಲಿಲ್ಲ. "ಬೆಳಗಿನ ರೈಲಿಗೆ ಬಂದು, ಮೆಜೆಸ್ಟಿಕ್‌ನಲ್ಲಿಳಿದು, ಚಿಕ್ಕಪೇಟೆ ಮೇಲೆ ನಡ್ಕೊಂಡೇ ಬರ್ತಿದ್ದೆ. ಆಟೋಗೆ ಕೊಡೋ ದುಡ್ಡಲ್ಲಿ ನಾಲ್ಕು ಟ್ರಾನ್ಸಿಸ್ಟರ್ ಬರೋದು" ಅಂದರು. ತಿಂಗಳಿಗೊಂದು ಸಲ ಅಪ್ಪ "ಬೆಂಗಳೂರಿಗೆ ಸಾಮಾನಿಗೆ" ಹೋಗುತ್ತಿದ್ದದ್ದು ನನಗೆ ನೆನಪಿದೆ. ಸಾಮಾನು ಬರುತ್ತಿದ್ದದ್ದು ಈ ರಸ್ತೆಯಿಂದ ಅಂತ ಗೊತ್ತಾದದ್ದು ಈಗ.

ಹಳೇ ಪೇಟೆಯ ಬೀದಿಗಳಿಗೆ ಕಸುಬಿನ, ಸರಕಿನ ಹೆಸರುಗಳಿವೆ: ಅಕ್ಕಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಆ ಲೆಕ್ಕಕ್ಕೆ ಎಸ್.ಪಿ. ರೋಡಿಗೆ ಚಿಪ್ಪುಪೇಟೆ ಅಂತ ಹೆಸರಿಡಬೇಕಿತ್ತು. ಪೂರ್ತಿ ಹೆಸರು ಒಂದು ಬೋರ್ಡಿನಲ್ಲಿ ಸಾದರ ಪತ್ರಪ್ಪ ರಸ್ತೆ, ಇನ್ನೊಂದರಲ್ಲಿ ಸರ್ದಾರ್ ಪತ್ರಪ್ಪ ರಸ್ತೆ. ರಸ್ತೆ ಅಗಲವಿಲ್ಲ. ತಲೆಯ ಮೇಲೆ ಕೇಬಲ್ಲುಗಳ ಚಪ್ಪರ, ಕಾಲಡಿ ಥರ್ಮೋಕೋಲ್ ಚೂರು, ಮಧ್ಯೆ ಕಾರ್ಟನ್ ಡಬ್ಬಿ ಹೊತ್ತ ಕೂಲಿಗಳು, ಅವರ ಹಿಂದೆ ಹಾರನ್ ಒತ್ತುವ ಸ್ಕೂಟರುಗಳು. ಸಿಸಿಟಿವಿ, ಎಲ್‌ಇಡಿ ಪಟ್ಟಿ, ಲ್ಯಾಪ್‌ಟಾಪ್ ಪರದೆ, ಮೋಟಾರು, ಕೀಬೋರ್ಡಿನ ಒಂದೊಂದೇ ಗುಂಡಿ, ಯಾವುದು ಬೇಕು ಹೇಳಿ. ಪ್ರಾಜೆಕ್ಟಿಗೆ ಸೆನ್ಸರ್ ಹುಡುಕುವ ಎಂಜಿನಿಯರಿಂಗ್ ಹುಡುಗರ ಗುಂಪು ಪ್ರತಿ ಮೂರನೇ ಅಂಗಡಿಯಲ್ಲಿ. ನಮ್ಮ ಕಾಲೇಜಿನಿಂದಲೂ ಹೀಗೆ ಬರುತ್ತಿದ್ದರು. ನಾನು ಬರುತ್ತಿರಲಿಲ್ಲ, ಹಾಸ್ಟೆಲಿನಲ್ಲಿ ಕೂತು ರಿಪೋರ್ಟ್ ಟೈಪ್ ಮಾಡುವ ಪೈಕಿ ನಾನು.

ಮೊದಲು ಹೊಕ್ಕ ಅಂಗಡಿಯವರು ಬ್ಯಾಗಿನಿಂದ ಕನ್ಸೋಲು ಪೂರ್ತಿ ಹೊರಗೆ ಬರುವ ಮೊದಲೇ ತೀರ್ಪು ಕೊಟ್ಟರು. "ಚಿಪ್ಪು ಲೂಸು. ಹೀಟ್ ಗನ್ ಹೊಡೀಬೇಕು. ಹತ್ತು ನಿಮಿಷ, ಒಂದೂವರೆ ಸಾವಿರ."

ನಾನು ತಲೆಯಾಡಿಸುತ್ತಿದ್ದೆ. ಅಪ್ಪ ಕೇಳಿದರು, "ಬಿಚ್ಚೇ ನೋಡಿಲ್ವಲ್ಲ, ಡ್ರೈ ಸೋಲ್ಡರ್ ಅಂತ ಹೆಂಗೆ ಗೊತ್ತಾಯ್ತು?"

"ಎಲ್ಲಾದಕ್ಕೂ ಅದೇ ಅಂಕಲ್."

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕನ್ಸೋಲಿನ ಮುಖ್ಯ ಚಿಪ್ಪಿಗೆ ಟ್ರಾನ್ಸಿಸ್ಟರಿನ ಹಾಗೆ ಕಾಲುಗಳಿಲ್ಲ. ಕೆಳಗೆ ಸಾಸಿವೆಗಿಂತ ಸಣ್ಣ ಬೆಸುಗೆ ಗುಂಡುಗಳ ಸಾಲು, ಅವುಗಳ ಮೇಲೆ ಅದು ಕೂತಿರುತ್ತದೆ. ಕಾದು ಆರಿ, ಕಾದು ಆರಿ, ಬೆಸುಗೆ ಬಿರುಕು ಬಿಡಬಹುದು. ಅಪ್ಪನ ಕಾಲದ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರು. ಸೀಸ ವಿಷ ಅಂತ 2006ರಿಂದ ಯುರೋಪಿನಲ್ಲಿ ಅದಕ್ಕೆ ಕಡಿವಾಣ ಬಿದ್ದ ಮೇಲೆ ಬಂದ ತವರ-ಬೆಳ್ಳಿ-ತಾಮ್ರದ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು, ಸ್ವಭಾವವೂ ಬೇರೆ. ಅದೇ ಕಾಲದಲ್ಲಿ ಎಕ್ಸ್‌ಬಾಕ್ಸ್ 360 ಕನ್ಸೋಲುಗಳು ಮುಂಭಾಗದಲ್ಲಿ ಕೆಂಪು ದೀಪ ಹೊತ್ತಿಸಿಕೊಂಡು ಸಾಲುಸಾಲಾಗಿ ಮಲಗಿ, 2007ರಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು 3 ವರ್ಷಕ್ಕೆ ಏರಿಸಿ ಅದಕ್ಕೆಂದೇ 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಡಬೇಕಾಯಿತು. ಆಗಿನಿಂದ ಕನ್ಸೋಲು ಕೆಟ್ಟರೆ ಹೀಟ್ ಗನ್ ಅನ್ನುವುದು ಒಂದು ಮನೆಮದ್ದಿನ ಹಾಗೆ ಹಬ್ಬಿದೆ. ಬಿಸಿಗಾಳಿ ಹೊಡೆದರೆ ಕೆಲವೊಮ್ಮೆ ಜೀವ ಬರುತ್ತದೆ, ಹೆಚ್ಚು ದಿನ ಬಾಳುವುದಿಲ್ಲ. ಚಿಪ್ಪೇ ಸುಟ್ಟರೆ ಅದೂ ಇಲ್ಲ.

ಅಂಗಡಿಯಿಂದ ಹೊರಗೆ ಬಂದು ಅಪ್ಪ ಕೇಳಿದರು. "ಮೊದಲು ಫ್ಯಾನ್ ಕೂಗ್ತಿತ್ತು ತಾನೆ? ಆಮೇಲೆ ತಾನೆ ನಿಂತಿದ್ದು? ಹಂಗಾದ್ರೆ ಗಾಳಿ ಓಡಾಡ್ತಿಲ್ಲ ಕಣೋ. ಜ್ವರ ಬಂದಿದೆ ಅಂತ ತಲೆ ಕೊಯ್ಯೋಕಾಗುತ್ತಾ?"

ಎರಡನೆಯ ಜಾಗ ಸಿಗುವ ಮೊದಲು ಅಪ್ಪ ಒಂದು ಅಂಗಡಿಯ ಮುಂದೆ ನಿಂತುಬಿಟ್ಟರು. ಹೊರಗೆಲ್ಲ ಸಿಸಿಟಿವಿ ಕ್ಯಾಮೆರಾಗಳು. ಟಿವಿಯ ಟ್ರಾನ್ಸ್‌ಫಾರ್ಮರು, ಐಸಿ, ಎಲ್ಲ ಇಲ್ಲೇ ತೆಗೆದುಕೊಳ್ಳುತ್ತಿದ್ದರಂತೆ. ಗಲ್ಲಾದಲ್ಲಿ ಮೂವತ್ತೈದರ ಆಸುಪಾಸಿನವನೊಬ್ಬ ಫೋನಿನಲ್ಲಿ ಹಿಂದಿ, ಕನ್ನಡ, ಗುಜರಾತಿ ಕಲಸಿ ಯಾರನ್ನೋ ಬೈಯುತ್ತಿದ್ದ. "ಅವರ ಮಗ. ಮೂಗು ಹಂಗೇ ಇದೆ" ಅಂದರು ಅಪ್ಪ. ಒಳಗೆ ಹೋಗಿ ಒಂದು ಸೋಲ್ಡರಿಂಗ್ ಐರನ್, ಒಂದು ಸುರುಳಿ ಸೋಲ್ಡರ್, ಒಂದು ಡಬ್ಬಿ ಫ್ಲಕ್ಸ್ ಕೇಳಿದರು. ಅವನು ಹೇಳಿದಷ್ಟು ಕೊಟ್ಟರು. ತರಕಾರಿಯವಳ ಹತ್ತಿರ ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಮನುಷ್ಯ ಇಲ್ಲಿ ಬಾಯಿ ಬಿಡಲಿಲ್ಲ.

"ಅವರಪ್ಪನ ಪರಿಚಯ ಅಂತ ಹೇಳಬಹುದಿತ್ತಲ್ಲ" ಅಂದೆ.

"ಬಾಕಿ ಇದೆ ಕಣೋ. ಮುನ್ನೂರ ನಲವತ್ತು. ಅಂಗಡಿ ಮುಚ್ಚಿದ ಮೇಲೆ ಈ ಕಡೆ ಬರಲೇ ಇಲ್ವಲ್ಲ."

ಎರಡನೆಯ ಅಂಗಡಿ ಇದ್ದದ್ದು ಮೊದಲ ಮಹಡಿಯಲ್ಲಿ, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದ ಮೆಟ್ಟಿಲು. ಒಂದು ಮೇಜು, ಭೂತಗನ್ನಡಿ ಹಚ್ಚಿದ ದೀಪ, ಇಪ್ಪತ್ತೈದು ದಾಟದ ಹುಡುಗ. ಅವನು ಚಿಪ್ಪಿನ ಮಾತೇ ಎತ್ತಲಿಲ್ಲ. "ಬಿಚ್ಚಿ ನೋಡ್ತೀನಿ ಸಾರ್. ಇಲ್ಲೇ ಕೂತ್ಕೊಳ್ಳಿ, ನಿಮ್ ಮುಂದೆನೇ" ಅಂದ. ನಡುವೆ ತೂತಿರುವ ನಕ್ಷತ್ರದ ಸ್ಕ್ರೂಗಳನ್ನು ಬಿಚ್ಚಿ, ಯಾವುದು ಎಲ್ಲಿಯದು ಅಂತ ಮರೆಯದಂತೆ ಒಂದು ಅಯಸ್ಕಾಂತದ ಹಾಳೆಯ ಮೇಲೆ ಸಾಲಾಗಿ ಅಂಟಿಸುತ್ತಾ ಹೋದ. ಅಪ್ಪ ಸ್ಟೂಲಿನಿಂದ ಎದ್ದು ನಿಂತರು.

ಪವರ್ ಸಪ್ಲೈ ಎತ್ತುವ ಹೊತ್ತಿಗೆ, "ಹುಷಾರು ತಮ್ಮಾ, ಕೆಪಾಸಿಟರ್‌ನಲ್ಲಿ ಇನ್ನೂ ಇರುತ್ತೆ" ಅಂದರು. ಇರುತ್ತದೆ. ಗೋಡೆಯ 230 ವೋಲ್ಟು ಒಳಗೆ 320ರ ಮೇಲೆ ಡಿಸಿಯಾಗಿ ಕೂತಿರುತ್ತದೆ, ಪ್ಲಗ್ ಕಿತ್ತ ಕೂಡಲೇ ಹೋಗಿಬಿಡುತ್ತದೆ ಅಂತ ಗ್ಯಾರಂಟಿಯಿಲ್ಲ. ನಾನು ಅಪ್ಪನ ಕಡೆ ನೋಡಿದೆ. ಮೇಜಿನಿಂದ ಎರಡಡಿ ದೂರ ನಿಂತಿದ್ದರೂ ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಹಳೇ ಟಿವಿಗಳ ಪಿಕ್ಚರ್ ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಮೇಲೆ ಇರುತ್ತಿತ್ತು. ಎರಡೂ ಕೈ ಒಳಗೆ ಹಾಕಿದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೂಲಕ ಹಾಯುತ್ತದೆ. ಅದಕ್ಕೇ ಒಂದು ಕೈ ಯಾವಾಗಲೂ ಜೇಬಲ್ಲಿ. ಚಿಕ್ಕವನಿದ್ದಾಗ ಅದನ್ನು ಅಪ್ಪನ ಸ್ಟೈಲು ಅಂದುಕೊಂಡಿದ್ದೆ, ಸ್ಕೂಲಿನಲ್ಲಿ ಹಾಗೇ ನಿಂತು ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೆ.

ಹುಡುಗನೂ ನೋಡಿದ. "ಅಂಕಲ್ ಇದೇ ಲೈನಲ್ಲಿದ್ರಾ?"

"ಇದ್ದೆ" ಅಂದರು ಅಪ್ಪ.

ಫ್ಯಾನು ತೆಗೆದಾಗ ನಾಚಿಕೆಯಾಯಿತು. ಹೀಟ್ ಸಿಂಕಿನ ತಗಡುಗಳ ಮಧ್ಯೆ ಧೂಳು ಬೂದು ಬಣ್ಣದ ಕಂಬಳಿಯಾಗಿ ಹೆಪ್ಪುಗಟ್ಟಿತ್ತು. ಇಕ್ಕಳದಲ್ಲಿ ಹಿಡಿದೆಳೆದರೆ ಒಂದೇ ತುಂಡಾಗಿ ಬಂತು. ಅದರ ಕೆಳಗೆ ಚಿಪ್ಪು, ಚಿಪ್ಪಿನ ಮೇಲೆ ಒಣಗಿ ಸುಣ್ಣವಾಗಿದ್ದ ಪೇಸ್ಟು. ಚಿಪ್ಪಿನ ಬೆನ್ನೂ ಹೀಟ್ ಸಿಂಕಿನ ಹೊಟ್ಟೆಯೂ ಕಣ್ಣಿಗೆ ನುಣುಪಾಗಿ ಕಂಡರೂ ಎರಡರ ಮಧ್ಯೆ ಸಣ್ಣ ಸಣ್ಣ ಹಳ್ಳಗಳಿರುತ್ತವೆ, ಹಳ್ಳದಲ್ಲಿ ಗಾಳಿ. ಗಾಳಿ ಶಾಖ ಸಾಗಿಸುವುದರಲ್ಲಿ ಮಹಾ ಸೋಮಾರಿ. ಆ ಹಳ್ಳ ತುಂಬುವುದೇ ಪೇಸ್ಟಿನ ಕೆಲಸ. ಅದು ಒಣಗಿ ಬಿರಿದರೆ ಫ್ಯಾನು ಎಷ್ಟು ಕೂಗಿಕೊಂಡರೂ ಬಿಸಿ ಅಲ್ಲಿಯವರೆಗೆ ಬರುವುದೇ ಇಲ್ಲ. ಹುಡುಗ ಸ್ಪಿರಿಟಿನಂಥ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಎಲ್ಲ ಒರೆಸಿ, ಬ್ರಷ್ಷಿನಲ್ಲಿ ತಗಡು ಗುಡಿಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟು ಇಟ್ಟ. ಹೆಚ್ಚು ಹಾಕಿದರೆ ಒಳ್ಳೆಯದಲ್ಲವಾ ಅಂತ ನಾನು ಕೇಳಿದೆ. ಹುಡುಗ, ಅಪ್ಪ ಇಬ್ಬರೂ ಒಟ್ಟಿಗೆ "ಅಲ್ಲ" ಅಂದರು.

ಜೋಡಿಸಿ, ಒಂದು ಗಂಟೆ ಓಡಿಸಿ ತೋರಿಸಿದ. 900 ರೂಪಾಯಿ. ಧೂಳಿನ ಕಂಬಳಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ, ಮನೇಲಿ ತೋರಿಸಿ ಅಂತ.

ಇಳಿದು ಬರುವಾಗ ಅಪ್ಪ ಸಿಸಿಟಿವಿ ಅಂಗಡಿಯ ಮುಂದೆ ಮತ್ತೆ ನಿಂತರು. ನನ್ನನ್ನು ಹೊರಗೇ ನಿಲ್ಲಿಸಿ ಒಬ್ಬರೇ ಒಳಗೆ ಹೋದರು. ಗಾಜಿನ ಆಚೆ ಮಾತು ಕೇಳಿಸಲಿಲ್ಲ. ಗಲ್ಲಾದವನು ಎದ್ದು ನಿಂತದ್ದು, ಗೋಡೆಯ ಮೇಲಿದ್ದ ಹಾರ ಹಾಕಿದ ಫೋಟೋ ಕಡೆ ಕೈ ತೋರಿಸಿದ್ದು ಕಂಡಿತು. ಅಪ್ಪ ಹೊರಗೆ ಬಂದು, "ತಗೊಳ್ಳಲಿಲ್ಲ ಕಣೋ. ಟೀ ಕುಡಿಸ್ದ" ಅಂದರು. ಮೆಟ್ರೋದಲ್ಲಿ ಮನೆಯವರೆಗೂ ಸೋಲ್ಡರಿಂಗ್ ಐರನ್ನಿನ ಡಬ್ಬಿ ಅವರ ತೊಡೆಯ ಮೇಲಿತ್ತು.

ರಾತ್ರಿ ಊಟ ಮುಗಿಸಿ ಕನ್ಸೋಲು ಹಾಕಿದೆವು. ಈ ಸಲ ಶೋಕೇಸಿನ ಮೇಲೆ, ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು. ಮೊದಲು ಪೆನ್ ಡ್ರೈವ್ ಚುಚ್ಚಿ ಕಾಪಿ ತೆಗೆದುಕೊಂಡೆ. "ಸದ್ದೇ ಇಲ್ವಲ್ಲೋ, ಓಡ್ತಿದೆಯಾ?" ಅಂತ ಅಪ್ಪ ಎದ್ದು ಹೋಗಿ ಹಿಂದುಗಡೆ ಅಂಗೈ ಹಿಡಿದು ನೋಡಿದರು. "ಬಿಸಿ ಹೊರಗೆ ಬರ್ತಿದೆ. ಸರಿ, ಹಾಕು."

ಇವಳೇ 94 ನಾಟೌಟ್, ಇನ್ನೊಂದು ತುದಿಯಲ್ಲಿ ನಾನು. ಅಪ್ಪ ಕವರ್ಸ್ ಕಡೆ ಒಂದು ಬೌಂಡರಿ ಹೊಡೆದರು, 98. ಮುಂದಿನ ಓವರಿನಲ್ಲಿ ನಾನು ಇಲ್ಲದ ರನ್ನಿಗೆ ಕರೆದೆ. ಇವಳೇ ಅರ್ಧ ಪಿಚ್ಚಿನಲ್ಲಿ ರನ್ ಔಟ್. ಅಪ್ಪ ಕಂಟ್ರೋಲರ್ ಕೆಳಗಿಟ್ಟು ಅರ್ಧ ಗಂಟೆ ನನ್ನ ಜೊತೆ ಮಾತಾಡಲಿಲ್ಲ.