ಆರ್ಚಿನಿಂದ ದೇವಸ್ಥಾನದವರೆಗೆ ಟೈಲು ಹಾಸಿದ್ದು

ಈ ಕಡೆ ಬರೆಯದೆ ತುಂಬಾ ದಿನ ಆಯ್ತು. ಕಾರಣ ಕೇಳಿದ್ರೆ ನಗ್ತೀರ. ಎರಡು ವಾರದಿಂದ ರಾತ್ರಿ ಊಟ ಆದ ಮೇಲೆ ಕಂಪ್ಯೂಟರಿನಲ್ಲಿ ರಾಜರಾಜೇಶ್ವರಿನಗರಕ್ಕೆ ರಸ್ತೆ ಹಾಕ್ತಾ ಕೂತಿದ್ದೀನಿ!

ಅಕ್ಕನ ಮಗ ಸೆಕೆಂಡ್ ಪಿಯುಸಿ. ಇಂಜಿನಿಯರಿಂಗ್ ಬೇಡ, ಗೇಮುಗಳಿಗೆ ಮ್ಯಾಪ್ ಮಾಡೋದು ಕಲೀತೀನಿ ಅಂತ ಹಟ ಹಿಡಿದಿದ್ದಾನೆ. ಬಿಇಎಂಎಲ್ ಲೇಔಟಿನ ಆ ಮನೆಯಲ್ಲಿ ಮೂರು ತಿಂಗಳಿಂದ ಇದೇ ರಾಮಾಯಣ. "ನೀನಾದ್ರೂ ಸ್ವಲ್ಪ ಬುದ್ಧಿ ಹೇಳೋ, ನಿನ್ನ ಮಾತು ಕೇಳ್ತಾನೆ" ಅಂದ್ಲು ಅಕ್ಕ. ನನ್ನದು ಲೆಕ್ಕಪತ್ರದ ಕೆಲಸ. ಗೊತ್ತಿಲ್ಲದ ವಿಷಯದಲ್ಲಿ ಬುದ್ಧಿ ಹೇಳೋದು ನನ್ನ ಕೈಲಾಗಲ್ಲ. ಮೊದಲು ಅದೇನು ಅಂತ ನೋಡ್ತೀನಿ, ಆಮೇಲೆ ಹೇಳ್ತೀನಿ ಅಂದೆ.

ಹುಡುಗ ಬಳಸೋದು ಗೊಡೋ ಅನ್ನೋ ಎಂಜಿನ್. ಹೆಸರು ಬೆಕೆಟ್‌ನ ನಾಟಕದಿಂದ ಬಂದದ್ದಂತೆ. ಅರ್ಜೆಂಟೀನಾದ ಇಬ್ಬರು ಸೇರಿ ಕಟ್ಟಿದ್ದು, 2014ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಟ್ಟುಕೊಟ್ಟರು. ಇಳಿಸಿಕೊಳ್ಳೋಕೆ ನೂರು ಎಂಬಿಯೂ ಇಲ್ಲ, ಇನ್‌ಸ್ಟಾಲ್ ಮಾಡೋ ರಗಳೆ ಇಲ್ಲ, ದುಡ್ಡೂ ಇಲ್ಲ. ಚಿತ್ರ ಬರೆಯೋಕೆ ಬರಲ್ವಲ್ಲ ಅಂದ್ರೆ ಕೆನ್ನಿ ಅನ್ನೋ ತಾಣದಲ್ಲಿ ಗೋಡೆ, ಹುಲ್ಲು, ರಸ್ತೆ ಎಲ್ಲ ಬಿಟ್ಟಿ ಸಿಗುತ್ತೆ. ಹದಿನಾರು ಪಿಕ್ಸೆಲ್ ಚೌಕದ ಚಿಕ್ಕ ಚಿಕ್ಕ ಟೈಲುಗಳು. ಅವನ್ನ ಒಂದೊಂದಾಗಿ ಹಾಸ್ತಾ ಹೋಗೋದು, ರಂಗೋಲಿ ಥರ. ಇದಕ್ಕೇ ಅಂತ ಟೈಲ್ಡ್ ಅನ್ನೋ ಬೇರೆ ಎಡಿಟರೂ ಇದೆ, ಚೆನ್ನಾಗಿದೆ. ಆದ್ರೆ ಅದರಲ್ಲಿ ಮಾಡಿದ್ದನ್ನ ಆಮೇಲೆ ಗೊಡೋಗೆ ತರಬೇಕು. ಹೊಸಬರು ಗೊಡೋ ಒಳಗೇ ಹಾಸೋದು ವಾಸಿ ಅಂತ ನನ್ನ ಅಭಿಪ್ರಾಯ.

ಯಾರಾದ್ರೂ ಶುರು ಮಾಡೋ ಹಾಗಿದ್ರೆ ಒಂದು ಮಾತು. ಹಳೇ ವಿಡಿಯೋಗಳಲ್ಲಿ 'ಟೈಲ್‌ಮ್ಯಾಪ್' ಅನ್ನೋದನ್ನ ಸೇರಿಸಿ ಅಂತಾರೆ. 2024ರ ಆಗಸ್ಟಿನಲ್ಲಿ ಬಂದ 4.3ರಿಂದ ಅದನ್ನ ಮೂಲೆಗೆ ಸರಿಸಿ 'ಟೈಲ್‌ಮ್ಯಾಪ್‌ಲೇಯರ್' ತಂದಿದ್ದಾರೆ. ನೆಲಕ್ಕೊಂದು ಪದರ, ಗೋಡೆಗೊಂದು ಪದರ, ಬೇರೆ ಬೇರೆ. ವಿಡಿಯೋ ತಾರೀಖು ನೋಡಿಕೊಂಡು ಕೂತ್ಕೊಳ್ಳಿ. ಇನ್ನೊಂದು, ನಡೆಯೋ ಮನುಷ್ಯನಿಗೆ ಅವರೇ ಕೊಡೋ ಸಿದ್ಧ ಸ್ಕ್ರಿಪ್ಟು ಪಕ್ಕದಿಂದ ನೋಡೋ ಜಿಗಿದಾಟದ ಗೇಮಿಗೆ ಬರೆದದ್ದು. ಮೇಲಿಂದ ನೋಡೋ ಮ್ಯಾಪಿಗೆ ಅದನ್ನೇ ಹಾಕಿದ್ರೆ ಮನುಷ್ಯ ಪರದೆಯಿಂದ ಕೆಳಗೆ ಬಿದ್ದು ಮಾಯ :-) ಗುರುತ್ವಾಕರ್ಷಣೆಯ ಸಾಲು ತೆಗೆದು ಹಾಕಬೇಕು.

ಅದೇ ಸ್ಕ್ರಿಪ್ಟಿನಲ್ಲಿ ವೇಗ 300 ಅಂತ ಇದೆ, ಸೆಕೆಂಡಿಗೆ ಇಷ್ಟು ಪಿಕ್ಸೆಲ್ ಅಂತ. ಒಂದು ಟೈಲು ಅಂದ್ರೆ ಒಂದು ಮೀಟರ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ (ಅಭ್ಯಾಸ ಬಲ). ಗಂಟೆಗೆ 67 ಕಿಲೋಮೀಟರ್ ಚಿಲ್ಲರೆ! ಮೈಸೂರು ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಕಾರಿಗೇ ಆ ಭಾಗ್ಯ ಇಲ್ಲ. ವೇಗ 100ಕ್ಕೆ ಇಳಿಸಿದ್ರೆ ಒಂದು ಕಿಲೋಮೀಟರ್ ದಾಟೋಕೆ ಎರಡು ನಿಮಿಷ ನಲವತ್ತು ಸೆಕೆಂಡು. ಸುಮ್ನೆ ಬಟನ್ ಒತ್ತಿಕೊಂಡು ಅಷ್ಟು ಹೊತ್ತು ನಡೆದು ನೋಡಿ, ಪ್ರಾಣ ಹೋಗುತ್ತೆ.

ನಾನು ಗೂಗಲ್ ಮ್ಯಾಪ್ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಮೈಸೂರು ರಸ್ತೆಯ ಆರ್ಚಿನಿಂದ ರಾಜರಾಜೇಶ್ವರಿ ದೇವಸ್ಥಾನದವರೆಗೆ ಅಳತೆ ಪ್ರಕಾರ ಹಾಸಿದ್ದೆ. ತಿರುವು ತಿರುವೂ ಸರಿಯಾಗಿತ್ತು. ಹುಡುಗ ನೋಡಿ "ಮಾಮ, ಇದು ಬಿಡಿಎ ಪ್ಲಾನು. ಗೇಮ್ ಅಲ್ಲ" ಅಂದ. ಆಮೇಲೆ ಅವನದ್ದನ್ನ ತೋರಿಸಿದ. ಅದೇ ದಾರಿ, ಅದೇ ಆರ್ಚು, ಆದ್ರೆ ನಡುವಿನ ಅರ್ಧ ರಸ್ತೆ ಹಾರಿಸಿಬಿಟ್ಟಿದ್ದ. ಅಡ್ಡರಸ್ತೆಗಳಲ್ಲಿ ಮೂರನ್ನ ಬಿಟ್ಟು ಮಿಕ್ಕದ್ದಕ್ಕೆಲ್ಲ ಗೋಡೆ ಹಾಕಿದ್ದ. ಎಲ್ಲಿ ಹೋಗಬಹುದು ಅನ್ನೋದಕ್ಕಿಂತ ಎಲ್ಲಿ ಹೋಗೋಕಾಗಲ್ಲ ಅನ್ನೋದನ್ನ ಮೊದಲು ತೀರ್ಮಾನ ಮಾಡ್ಬೇಕಂತೆ.

ನನಗೆ ಆಶ್ಚರ್ಯ ಆಗಿದ್ದು ಏರು. ನಮ್ಮ ಏರಿಯಾ ಗೊತ್ತಲ್ಲ, ವೃಷಭಾವತಿ ಹರಿಯೋ ತಗ್ಗಿನಿಂದ ಒಳಗೆ ಬರ್ತಾ ಬರ್ತಾ ದಾರಿ ಮೇಲೇರುತ್ತೆ. ಮೇಲಿಂದ ನೋಡೋ ಮ್ಯಾಪು ಚಪ್ಪಟೆ, ಅದರಲ್ಲಿ ಏರು ಕಾಣಿಸೋದೇ ಇಲ್ಲ. ಇವನು ಏರಿನ ಟೈಲುಗಳಿಗೆ ಮಾತ್ರ ಒಂದು ಸಂಖ್ಯೆ ಕೊಟ್ಟು (ಪ್ರತಿ ಟೈಲಿಗೂ ನಮಗೆ ಬೇಕಾದ ಮಾಹಿತಿ ಅಂಟಿಸೋ ಸೌಲಭ್ಯ ಇದೆ) ಅಲ್ಲಿ ಕಾಲಿಟ್ಟಾಗ ವೇಗ ಕಮ್ಮಿ ಆಗೋ ಹಾಗೆ ಮಾಡಿದ್ದ. ನೂರು, ಎಪ್ಪತ್ತು, ಐವತ್ತು... ಬೆರಳು ಬಟನ್ ಮೇಲೇ ಇದೆ, ಮನುಷ್ಯ ತೆವಳ್ತಾನೆ. ಏರು ಕಣ್ಣಿಗೆ ಕಾಣಲ್ಲ, ಆದ್ರೆ ಕೈಗೆ ಗೊತ್ತಾಗುತ್ತೆ! ಸಾಕಪ್ಪಾ ಅನ್ನಿಸೋ ಹೊತ್ತಿಗೆ ಒಂದು ನಂದಿನಿ ಬೂತು, ಅದರ ಮುಂದೆ ಕಲ್ಲು ಬೆಂಚು. ಅಲ್ಲಿ ಕೂತರೆ ಮತ್ತೆ ವೇಗ ಬರುತ್ತೆ.

"ಇಲ್ಲಿ ಯಾಕೋ ಬೆಂಚು?" ಅಂದೆ.

"ತಾತ ಇಲ್ಲೇ ನಿಲ್ಲೋದು. ಸುಸ್ತಾಯ್ತು ಅಂತ ಹೇಳಲ್ಲ, ಹಾಲು ತಗೋಬೇಕು ಅಂತ ನಿಲ್ತಾರೆ."

ಅಪ್ಪ ಬಸ್ಸಿಳಿದು ಆರ್ಚಿನಿಂದ ಆಟೋ ಹತ್ತದೆ ನಡೆದೇ ಬರೋ ಮನುಷ್ಯ. ಎಷ್ಟು ಸಲ ಅವರ ಜೊತೆ ನಾನೂ ಆ ಬೂತಿನ ಹತ್ತಿರ ನಿಂತಿದ್ದೀನಿ. ಹಾಲಿಗೆ ಅಂತಲೇ ನಂಬಿದ್ದೆ.

ವಿಜಯನಗರದ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದವರು ಇಲ್ಲಿ ಎಷ್ಟು ಜನ ಇದ್ದೀರೋ. ಅದರ 'ಡಸ್ಟ್' ಮ್ಯಾಪು ನೆನಪಿದೆ ತಾನೇ? 1999ರಲ್ಲಿ ಅದನ್ನ ಮಾಡಿದ ಡೇವ್ ಜಾನ್‌ಸ್ಟನ್ ಆಗ ಇನ್ನೂ ಹದಿಹರೆಯದ ಹುಡುಗ. ನಮ್ಮೂರಿನಲ್ಲೂ ರಾಜೇಶ್ ರಾವ್ ಅವರು 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ರು, 2019ರಲ್ಲಿ ರಾಕ್‌ಸ್ಟಾರ್ ಅದನ್ನ ಕೊಂಡುಕೊಂಡಿತು. ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಧ್ರುವದವರು ಹೆಚ್ಚಾಗಿ ಮಾಡಿದ್ದು ಹೊರದೇಶದ ಗೇಮುಗಳಿಗೆ ಕಾರು, ಕಟ್ಟಡದಂಥ ಚಿತ್ರಕೆಲಸ, ಇವನು ಕೇಳೋ ಕೆಲಸ ಅದಲ್ಲ ಅನ್ನೋದನ್ನೂ ಮುಚ್ಚಿಡಲಿಲ್ಲ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಮುಮ್ಮಡಿ ಕೃಷ್ಣರಾಜ ಒಡೆಯರು ಆಟದ ಪಟಗಳನ್ನ ತಾವೇ ರಚಿಸ್ತಿದ್ರು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವೆಲ್ಲ ಇದೆ" ಅಂದ್ರು. "ಅವರಿಗೆ ಅರಮನೆ ಇತ್ತು ಅಪ್ಪಾ" ಅಂದ್ಲು ಅಕ್ಕ. ಇಬ್ಬರೂ ಹೇಳಿದ್ದು ಸರಿಯೇ, ಏನು ಮಾಡೋದು.

ಬೇಡ ಅನ್ನೋಕೆ ನನ್ನ ಹತ್ತಿರ ಕಾರಣ ಇಲ್ಲ ಅಂತ ನಾನು ಹೇಳಿಬಿಟ್ಟೆ. ತಾತ ಯಾಕೆ ನಿಲ್ತಾರೆ ಅಂತ ನೋಡಿದವನಿಗೆ ಈ ಕೆಲಸ ಬರುತ್ತೆ. ಸಂಬಳ ಬರುತ್ತಾ ಅಂತ ಮಾತ್ರ ನಾನು ಮಾತು ಕೊಡಲಾರೆ. ಕೊನೆಗೆ ಸಿಇಟಿ ಬರೆಯೋದು, ಫಲಿತಾಂಶ ಬರೋವರೆಗೂ ಮ್ಯಾಪಿನ ತಂಟೆಗೆ ಯಾರೂ ಹೋಗಬಾರದು ಅಂತ ರಾಜಿ ಆಗಿದೆ. ಅಕ್ಕನ ಮುಖ ಇನ್ನೂ ಪೂರ್ತಿ ಸರಿ ಹೋಗಿಲ್ಲ.

ಈಗ ಹುಡುಗನಿಗೆ ಹೊಸ ಹುಚ್ಚು. ಅದೇ ಮ್ಯಾಪಿನಲ್ಲಿ ಇನ್ನೊಂದು ಕಾಲ ಬೇಕಂತೆ, ಮೆಟ್ರೋ ಕಂಬಗಳು ಏಳೋಕೆ ಮುಂಚಿನದು. ಕೆಂಗೇರಿವರೆಗೆ ರೈಲು ಓಡೋಕೆ ಶುರುವಾದದ್ದು 2021ರ ಆಗಸ್ಟಿನಲ್ಲಿ. ಅದಕ್ಕೂ ಕೆಲವು ವರ್ಷ ಹಿಂದೆ ಆರ್ಚಿನ ಎದುರಿಗೆ ನಿಂತು ತೆಗೆದ ಫೋಟೋ ನಿಮ್ಮಲ್ಲಿ ಯಾರ ಹತ್ತಿರವಾದ್ರೂ ಇದ್ರೆ ದಯವಿಟ್ಟು ತಿಳಿಸಿ. ಆರ್ಚು ಸ್ವಲ್ಪ ಕಂಡ್ರೂ ಸಾಕು, ಮುಂದೆ ಮದುವೆ ದಿಬ್ಬಣ ನಿಂತಿದ್ರೂ ಪರವಾಗಿಲ್ಲ.