ಮಕ್ಕಳು ಮುದುಕರೊಡನೆ ಬೀದರಿಗೆ

ಶಾಲೆಗೆ ರಜೆ ಬಂದಿತೆಂದರೆ ಮಧ್ಯಮವರ್ಗದ ಮನೆಗಳಲ್ಲಿ ಯಾವ ಊರಿಗೆ ಹೊರಡುವುದೆಂಬುದೇ ದೊಡ್ಡ ಪಂಚಾಯಿತಿ. ಯಜಮಾನರಿಗೆ ಖರ್ಚಿನ ಚಿಂತೆ, ಗೃಹಿಣಿಗೆ ಇಳಿದುಕೊಳ್ಳುವ ಜಾಗದ ಚಿಂತೆ, ಅಜ್ಜಿಗೆ ಮೊಳಕಾಲಿನ ಚಿಂತೆ. ಹುಡುಗರಿಗೆ ಮಾತ್ರ ಚಿಂತೆಯೆಂಬುದಿಲ್ಲ. ಕೋಟೆಯೋ ನೀರೋ ಇದ್ದರೆ ಸಾಕು. ಇಂಥ ಸಭೆಯಲ್ಲಿ ಬೀದರದ ಹೆಸರು ಬಂದಾಗ ಬೆಂಗಳೂರು ಮೈಸೂರಿನ ಕಡೆಯವರು ಹುಬ್ಬೇರಿಸುವುದುಂಟು. ಅದು ನಾಡಿನ ಕೊನೆಯ ಮೂಲೆ, ಬಿಸಿಲಿನ ಸೀಮೆ. ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಅಷ್ಟು ದೂರ ಹೋಗುವುದು ಕ್ಷೇಮವೇ ಎಂಬ ಪ್ರಶ್ನೆ ಕೂಡಲೆ ಹೊರಡುತ್ತದೆ.

ಪ್ರಶ್ನೆ ತಪ್ಪಲ್ಲ, ಉತ್ತರ ಮಾತ್ರ ಅವರು ಊಹಿಸಿದಂತಿಲ್ಲ. ಬೀದರ ಸುಮಾರು 2,200 ಅಡಿ ಎತ್ತರದ ಕೆಂಪು ಜಂಬಿಟ್ಟಿಗೆಯ ದಿಣ್ಣೆಯ ಮೇಲಿದೆ. ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಯಾರೂ ಹೊಗಳಲಾರರು. ಆದರೆ ದಸರೆಯಿಂದ ಸಂಕ್ರಾಂತಿಯವರೆಗೆ ಅಲ್ಲಿನ ಗಾಳಿ ಹಿತವಾದುದು, ರಾತ್ರಿಗೆ ಹೊದಿಕೆ ಬೇಕೆನ್ನಿಸುವಷ್ಟು ತಂಪು. ಕಲಬುರಗಿಯಿಂದ ನೇರ ರೈಲುಮಾರ್ಗವು 2017ರಲ್ಲಿ ತೆರೆದ ಮೇಲೆ ದೂರದ ಮಾತೂ ಮೊದಲಿನಷ್ಟು ಉಳಿದಿಲ್ಲ.

ಈ ಊರು ಕ್ಷೇಮದ ವಿಚಾರವನ್ನು ಬಹಳ ಹಿಂದೆಯೇ ಗಂಭೀರವಾಗಿ ಆಲೋಚಿಸಿತ್ತೆನ್ನಬೇಕು. ಬಹಮನಿ ಸುಲ್ತಾನ ಅಹಮದ್ ಷಾ ವಲಿಯು 15ನೆಯ ಶತಮಾನದ ಮೊದಲ ಭಾಗದಲ್ಲಿ ಕಲಬುರಗಿಯನ್ನು ಬಿಟ್ಟು ಇಲ್ಲಿಗೆ ರಾಜಧಾನಿಯನ್ನು ತಂದನು. ಕೋಟೆಗೆ ಕಂದಕವೊಂದು ಸಾಲದೆಂದು ಬಂಡೆಯನ್ನೇ ಕಡಿದು, ನಡುನಡುವೆ ಕಲ್ಲಿನ ಗೋಡೆ ಉಳಿಸಿ, ಮೂರು ಕಂದಕಗಳನ್ನು ತೋಡಿಸಲಾಯಿತು. ಇವನ್ನು ನೋಡಿದ ಹುಡುಗನಿಗೆ ಪಠ್ಯಪುಸ್ತಕದ ಮುತ್ತಿಗೆಯೆಂಬ ಮಾತು ಮೊದಲ ಬಾರಿ ಅರ್ಥವಾಗುತ್ತದೆ. ಒಳಗಿನ ರಂಗೀನ್ ಮಹಲಿನಲ್ಲಿ ಕರಿಯ ಕಲ್ಲಿಗೆ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸವುಂಟು. ಬಾಗಿಲು ಹಾಕಿದ್ದರೆ ಪುರಾತತ್ತ್ವ ಇಲಾಖೆಯ ಸಿಬ್ಬಂದಿಯನ್ನು ವಿಚಾರಿಸಬೇಕು. ಕೇಳದೆ ಹಿಂದಿರುಗಿದವರು ಕೋಟೆಯ ಸೊಗಸಿನಲ್ಲಿ ಅರ್ಧವನ್ನು ಕಳೆದುಕೊಂಡಂತೆ. ಪಾಳುಬಿದ್ದ ಮಹಲುಗಳ ಮೇಲ್ಭಾಗಕ್ಕೂ ಹಳೆಯ ಬಾವಿಗಳ ಬಳಿಗೂ ಮಕ್ಕಳನ್ನು ಬಿಡತಕ್ಕದ್ದಲ್ಲ.

ಮೂರು ಕಂದಕಗಳೂ ತಡೆಯಲಾರದ ಕೇಡೊಂದು ಆ ರಾಜ್ಯಕ್ಕೆ ಬಂದಿತು. ಅದು ಬಂದುದು ಕಾಗದದ ರೂಪದಲ್ಲಿ. ಪರ್ಷಿಯದ ಗೀಲಾನಿನಿಂದ ಬಂದು ಮಂತ್ರಿಪದವಿಗೇರಿದ ಮಹಮೂದ್ ಗವಾನನು 1472ರಲ್ಲಿ ಊರ ನಡುವೆ ಮೂರಂತಸ್ತಿನ ಮದರಸವನ್ನು ಕಟ್ಟಿಸಿದನು. ಅವನ ಏಳಿಗೆಯನ್ನು ಸಹಿಸದ ದರಬಾರಿಗಳು ಅವನ ಮುದ್ರೆಯನ್ನು ಖಾಲಿ ಹಾಳೆಯೊಂದರ ಮೇಲೆ ಒತ್ತಿಸಿಕೊಂಡು, ಶತ್ರುರಾಜನಿಗೆ ಬರೆದಂತೆ ದ್ರೋಹದ ಪತ್ರವನ್ನು ಸೃಷ್ಟಿಸಿದರು. ಸುಲ್ತಾನನು ವಿಚಾರಣೆಯಿಲ್ಲದೆ 1481ರಲ್ಲಿ ಅವನ ತಲೆಯನ್ನು ತೆಗೆಸಿದನು. ಸುಳ್ಳು ಬಯಲಾದಾಗ ಪಶ್ಚಾತ್ತಾಪಪಟ್ಟು ವರ್ಷದೊಳಗೆ ತಾನೂ ತೀರಿಕೊಂಡನು. ಬಹಮನಿ ರಾಜ್ಯ ಆ ಬಳಿಕ ಚೇತರಿಸಿಕೊಳ್ಳಲಿಲ್ಲ. ಮದರಸದ ಒಂದು ಭಾಗ 1696ರ ಸ್ಫೋಟದಲ್ಲಿ ಹಾರಿಹೋಯಿತು. ಉಳಿದ ಒಂಟಿ ಮಿನಾರಿನ ಮೇಲೆ ನೀಲಿ, ಹಳದಿ, ಬಿಳಿಯ ಹೆಂಚುಗಳ ತುಣುಕುಗಳು ಇಂದಿಗೂ ಅಂಟಿಕೊಂಡಿವೆ. ಸಂಜೆಯ ಇಳಿಬಿಸಿಲಿನಲ್ಲಿ ಅದನ್ನು ನೋಡಬೇಕು.

ಊರ ಹೊರಗಿನ ಅಷ್ಟೂರಿನಲ್ಲಿ ಸುಲ್ತಾನರ ಗೋರಿಗಳು ಸಾಲಾಗಿವೆ. ಅಹಮದ್ ಷಾ ವಲಿಯ ಗೋರಿಗೆ ಮುಸಲ್ಮಾನರಂತೆಯೇ ಲಿಂಗಾಯತರೂ ನಡೆದುಕೊಳ್ಳುತ್ತಾರೆ. ಆತ ಅಲ್ಲಮಪ್ರಭುವಿನ ಅಂಶವೆಂದು ಅವರ ನಂಬಿಕೆ. ಹೋಳಿಯ ನಂತರ ನಡೆಯುವ ಉರುಸಿಗೆ ಕಲಬುರಗಿ ಸೀಮೆಯ ಮಾಡ್ಯಾಳದಿಂದ ಜಂಗಮರು ಬರುವುದು ಹಳೆಯ ಪದ್ಧತಿ. ಸುಲ್ತಾನನ ಉತ್ಸವಕ್ಕೆ ಜಂಗಮರು ಬಂದು ಕೂಡುವ ಊರು ಬೇರೆಲ್ಲಿದೆಯೋ!

ಅಜ್ಜಿಯೊಡನೆ ಹೊರಟವರಿಗೆ ನಾನಕ್ ಝೀರಾ ಗುರುದ್ವಾರ ಬಹು ಅನುಕೂಲ. ಗುಡ್ಡದ ಬುಡದಲ್ಲಿ ಸಿಹಿನೀರಿನ ಊಟೆ. ಗುರುನಾನಕರ ಕೃಪೆಯಿಂದ ಅದು ಹುಟ್ಟಿತೆಂದು ಪ್ರತೀತಿ. ಲಂಗರಿನಲ್ಲಿ ಜಾತಿ ಊರುಗಳನ್ನು ಯಾರೂ ಕೇಳುವುದಿಲ್ಲ, ಸಾಲಿನಲ್ಲಿ ಕುಳಿತವರಿಗೆಲ್ಲ ರೊಟ್ಟಿ, ಬೇಳೆ.

ಎಚ್ಚರಿಕೆ ಬೇಕಾದುದು ಝರಣಿ ನರಸಿಂಹನಲ್ಲಿ. ಗುಹೆಯೊಳಗೆ ಸುಮಾರು 300 ಮೀಟರು ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕು. ತಲೆಯ ಮೇಲೆ ಬಾವಲಿಗಳು. ಗಟ್ಟಿಮುಟ್ಟಾದವರಿಗೆ ಇದು ಜನ್ಮದಲ್ಲಿ ಮರೆಯದ ದರ್ಶನ. ಉಬ್ಬಸದವರು, ಹೃದಯದ ತೊಂದರೆಯುಳ್ಳವರು, ಗರ್ಭಿಣಿಯರು ಹೊರಗಿನಿಂದಲೇ ಕೈಮುಗಿಯುವುದು ಲೇಸು. ನರಸಿಂಹನು ಅದಕ್ಕೆ ಕೋಪಿಸಿಕೊಳ್ಳಲಾರನು. ಜನಸಂದಣಿಯ ದಿನ ಚಿಕ್ಕ ಮಕ್ಕಳನ್ನು ಹೆಗಲೇರಿಸಿಕೊಂಡು ಹೋಗುವ ಸಾಹಸವನ್ನು ತಂದೆಯರು ಬಿಡಬೇಕು.

ಪೇಟೆಯಲ್ಲಿ ಬಿದರಿ ಕೆಲಸದವರ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತರೆ ಖರ್ಚಿಲ್ಲದ ಪಾಠವಾಗುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಪಾತ್ರೆ ಎರಕಹೊಯ್ದು, ಮೈಲುತುತ್ತದ ನೀರಿನಿಂದ ಕಪ್ಪು ಮಾಡಿ, ಉಳಿಯಿಂದ ಬಳ್ಳಿ ಹೂಗಳನ್ನು ಕೊರೆದು, ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕಡೆಗೆ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ಬಿಸಿನೀರಿನಲ್ಲಿ ಅದ್ದಿದಾಗ ಲೋಹವೆಲ್ಲ ಮಸಿಗಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಣ್ಣು ತಕ್ಕದ್ದೋ ಅಲ್ಲವೋ ಎಂಬುದನ್ನು ನಾಲಗೆಗೆ ತಾಗಿಸಿ ನೋಡುವ ಕುಶಲಿಗಳುಂಟು. ಬೆಲೆ ಕೇಳಿ ಗೃಹಿಣಿಯರು ನಿಟ್ಟುಸಿರುಬಿಟ್ಟರೂ ಈ ಕೆಲಸವನ್ನು ಕಣ್ಣಾರೆ ನೋಡಿದ ಮೇಲೆ ಚೌಕಾಸಿಗೆ ಬಾಯಿ ಬರುವುದಿಲ್ಲ.

ಇನ್ನೊಂದು ದಿನವನ್ನು ಭಾಲ್ಕಿಗೆ ಇಡಬೇಕು. ದಾರಿಯಲ್ಲಿ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿ. ಭಾಲ್ಕಿಯಲ್ಲಿ ಹಳೆಯ ಮಣ್ಣಿನ ಕೋಟೆಯುಂಟು. ಬೀದರದ ಕೋಟೆಯನ್ನು ಕಂಡು ಬಂದ ಹುಡುಗರಿಗೆ ಅದು ರುಚಿಸದೆ ಹೋಗಬಹುದು. ಹಿರಿಯರು ಅವರನ್ನು ಹಿರೇಮಠಕ್ಕೆ ಕರೆದೊಯ್ಯಬೇಕು. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಆಗ ಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬಡಮಕ್ಕಳಿಗೆ ಊಟ ವಸತಿಗಳನ್ನೂ ಒದಗಿಸಿದರು. 1948ರ ಸುತ್ತಿನ ಭಯದ ದಿನಗಳನ್ನು ಈ ಸೀಮೆಯ ಎಲ್ಲ ಮತದವರೂ ಕಂಡಿದ್ದಾರೆ; ಮನೆ ಬಿಟ್ಟು ಓಡಿದವರ ಕತೆ ಅನೇಕ ಕುಟುಂಬಗಳಲ್ಲಿದೆ. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಕನ್ನಡ ರಾಜ್ಯಕ್ಕೆ ಸೇರಿದಾಗ ಅದಕ್ಕೆ ಕಾರಣವಾಗಿ ಇಂಥ ಮರೆಯ ಪಾಠಶಾಲೆಗಳೂ ಇದ್ದುವು. ಪಟ್ಟದ್ದೇವರು 1999ರಲ್ಲಿ ಲಿಂಗೈಕ್ಯರಾದರು. ದಕ್ಷಿಣದಿಂದ ಬಂದ ಹುಡುಗನು, ಇಲ್ಲಿನ ಜನ ಮರಾಠಿ, ಉರ್ದು ಬೆರೆಸಿ ಆಡುವ ಕನ್ನಡವನ್ನು ಕೇಳಿ ನಗುವ ಮೊದಲು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಔರಾದದಲ್ಲಿ ಅಮರೇಶ್ವರನ ಗುಡಿ. ಮಹಾಶಿವರಾತ್ರಿಯ ಜಾತ್ರೆಗೆ ರೈತರು ಈ ಸೀಮೆಯ ಹೆಸರಾಂತ ದೇವಣಿ ತಳಿಯ ದನಗಳನ್ನು ಹೊಡೆದುಕೊಂಡು ಬರುತ್ತಾರೆ. ಬಿಳಿ ಮೈಮೇಲೆ ಕಪ್ಪು ಮಚ್ಚೆಗಳ ಆ ಎತ್ತುಗಳನ್ನು ನೋಡಿದ ಪೇಟೆಯ ಮಕ್ಕಳು ಕದಲುವುದೇ ಇಲ್ಲ. ರಾತ್ರಿಯ ವಸತಿಗೆ ಬೀದರವೇ ಅನುಕೂಲವಾದುದರಿಂದ, ಹಿಂದಿರುಗುವ ಬಸ್ಸಿನ ವೇಳೆಯನ್ನು ಇಳಿದೊಡನೆ ವಿಚಾರಿಸಿಟ್ಟುಕೊಂಡು ಆಮೇಲೆ ಜಾತ್ರೆಯೊಳಗೆ ಕಾಲಿಡುವುದು.