ಗುಂಡಿ ಗಾಡಿಯ ವಾಲ್

ಚಿಮ್ಮಡ, 8 ಜುಲೈ 2024, ಸೋಮವಾರ

ನಸುಕಿನಿಂದ ಜಿಟಿಜಿಟಿ ಮಳೆ. ನನ್ನದು ಸಂಡಾಸದ ಗುಂಡಿ ಎಳೆಯುವ ಟ್ಯಾಂಕರ್ ಗಾಡಿ; ಮಳೆ ಹಿಡಿದರೆ ಫೋನಿಗೆ ಬಿಡುವಿಲ್ಲ. ಎರಿ ಮಣ್ಣು ನೀರು ಕುಡಿದು ಉಬ್ಬಿತೆಂದರೆ ಇಂಗುಗುಂಡಿ ಏನನ್ನೂ ಹೀರುವುದಿಲ್ಲ, ಸಂಡಾಸದ ನೀರು ಹಿಂದಕ್ಕೆ ಬರುತ್ತದೆ. ಗುಂಡಿ ತುಂಬಿತು, ಗಾಡಿ ತಗೊಂಡು ಬಾ ಅನ್ನುತ್ತಾರೆ. ಎಷ್ಟೋ ಕಡೆ ತುಂಬಿರುವುದು ಬರೀ ನೀರು. ತಳದಲ್ಲಿ ಕೆಸರು ಗೇಣೂ ಇರುವುದಿಲ್ಲ. ಅಂಥದ್ದನ್ನು ಇವತ್ತು ಎಳೆದರೆ ಮಳೆ ನಿಲ್ಲುವುದರೊಳಗೆ ಮತ್ತೆ ತುಂಬುತ್ತದೆ. ಅದಕ್ಕೇ ಮೊದಲು ಕೋಲು ಇಳಿಬಿಟ್ಟು ಆಳ ನೋಡಿ, ಇದ್ದದ್ದು ಹೇಳಿ, ಆಮೇಲೆ ಪೈಪು ಬಿಚ್ಚುತ್ತೇನೆ.

ಸಂಜೆ ಟ್ಯಾಂಕರಿನ ಹಿಂದಿನ ವಾಲ್ ತೊಟ್ಟಿಕ್ಕತೊಡಗಿತು. ಚಕ್ರ ತಿರುಗುತ್ತದೆ, ಆದರೆ ಕೊನೆಗೆ ಮೆತ್ತಗೆ ನಿಲ್ಲುತ್ತದೆ. ಕಬ್ಬಿಣ ಕಬ್ಬಿಣಕ್ಕೆ ಕೂತ ಗಟ್ಟಿತನವಿಲ್ಲ. ಒಳಗಿನ ಗೇಟು ಕೂರುವ ಜಾಡಿನಲ್ಲಿ ಏನೋ ಸಿಕ್ಕಿದೆ. ಗಾಡಿಯ ಕೆಲಸದ ಹುಡುಗ ಚಕ್ರಕ್ಕೆ ಪೈಪು ತೂರಿಸಿ ಮೀಟಲು ಹೋದ. ಬ್ಯಾಡೋ ತಮ್ಮಾ ಅಂದೆ. ಹಾಗೆ ಮೀಟಿದರೆ ಸ್ಪಿಂಡಲ್ಲಿನ ತಿರುಪಿನ ಆಟೆ ಹೋಗುತ್ತದೆ, ನೂರರ ಕೆಲಸ ಸಾವಿರಕ್ಕೆ ಮುಟ್ಟುತ್ತದೆ.

9 ಜುಲೈ, ಮಂಗಳವಾರ

ಟ್ಯಾಂಕು ಖಾಲಿ ಇದೆಯೇ, ಮೀಟರಿನ ಮುಳ್ಳು ಸೊನ್ನೆಗೆ ಬಂದಿದೆಯೇ, ಎರಡೂ ನೋಡಿಯೇ ಪಾನಾ ಹಚ್ಚಿದೆ. ಒಳಗೆ ಗಾಳಿಯ ಒತ್ತಡ ಉಳಿದಿದ್ದರೆ ನಟ್ಟು ಸಡಿಲಾದ ಕೂಡಲೇ ಹೊಲಸೆಲ್ಲ ಮುಖಕ್ಕೆ.

ಜಾಡಿನಲ್ಲಿ ಸಿಕ್ಕಿದ್ದು ಗುಟಕಾ ಚೀಟಿ, ಬಟ್ಟೆಯ ಚೂರು, ಸ್ಪಿಂಡಲ್ಲಿಗೆ ಸುತ್ತಿಕೊಂಡ ಮಗ್ಗದ ನೂಲು. ಬನಹಟ್ಟಿಯ ಓಣಿಗಳಲ್ಲಿ ನೂಲು ಎಲ್ಲಿಗೆ ಹೋಗುವುದಿಲ್ಲ! ಜಾಡು ಕೆರೆದು ತೊಳೆದು, ಸ್ಪಿಂಡಲ್ಲಿನ ಸುತ್ತ ಗ್ರಾಫೈಟ್ ಹಗ್ಗದ ಹೊಸ ಪ್ಯಾಕಿಂಗ್ ಸುತ್ತಿದೆ.

ಆಮೇಲೆ ಪರೀಕ್ಷೆ. ಎಲ್ಲ ವಾಲ್ ಮುಚ್ಚಿ, ಪಂಪು ಓಡಿಸಿ ಮುಳ್ಳು ಏರಿಸಿ ನಿಲ್ಲಿಸಿದೆ. ಮುಳ್ಳು ಕದಲದಿದ್ದರೆ ಸರಿ; ಆದರೆ ಮೆಲ್ಲಗೆ ಇಳಿಯಿತು. ಟ್ಯಾಂಕು ಒಳಕ್ಕೆ ಎಳೆಯುತ್ತಿರುವಾಗ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಪಂಪಿನ ಹಿಡಿಕಿಯನ್ನು ಊದುವ ಕಡೆ ತಿರುಗಿಸಿ, ಸ್ವಲ್ಪವೇ ಒತ್ತಡ ಕೊಟ್ಟು, ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿದೆ. ಪೈಪಿನ ಕಪ್ಲಿಂಗಿನ ರಬ್ಬರು ಪಟ್ಟಿಯ ಬಳಿ ಗುಳ್ಳೆ ಎದ್ದವು. ಊದುಬತ್ತಿ ಹೊಗೆ ಹಿಡಿದು ನೋಡುವವರನ್ನು ಕಂಡಿದ್ದೇನೆ. ಗುಂಡಿಯ ಗಾಳಿಯಲ್ಲಿ ಮೀಥೇನ್ ಇರುತ್ತದೆ; ಈ ಗಾಡಿಯ ಹತ್ತಿರ ಬೆಂಕಿ ತರಲೇಬಾರದು.

13 ಜುಲೈ, ಶನಿವಾರ

ರಾತ್ರಿ ಟೆಕ್ಸಾಸಿನಿಂದ ತಂಗಿಯ ಮಗನ ಫೋನು. ಹಳೆಯದೊಂದು ಮನೆಗಾಡಿ ಕೊಂಡು ಹೆಂಡತಿ ಮಕ್ಕಳೊಂದಿಗೆ ಊರೂರು ತಿರುಗುತ್ತಾನೆ. ಅಡುಗೆಮನೆ, ಹಾಸಿಗೆ, ಸಂಡಾಸ ಎಲ್ಲ ಅದರಲ್ಲೇ. “ಮಾಮಾ, ಸಂಡಾಸದ ಟಾಕಿ ಹಿಡಿಕಿ ಜಗ್ಗಿದ್ರ ಬರವಲ್ದು” ಅಂದ. ಹಿಡಿಕಿ ಸಡಿಲ ಐತೋ, ಬಿಗಿ ಐತೋ? ಬಿಗಿ. ಸಡಿಲಿದ್ದರೆ ತಂತಿ ಕಡಿದಿರುತ್ತದೆ; ಬಿಗಿ ಅಂದರೆ ರಬ್ಬರು ಒಣಗಿದೆ, ಇಲ್ಲವೇ ಹಿಂದೆ ಕಾಗದ ಗಟ್ಟಿಯಾಗಿ ಕೂತಿದೆ.

ವಿಡಿಯೊದಲ್ಲಿ ತೋರಿಸಿದ. ಸಂಡಾಸದ ಟಾಕಿಗೆ ಮೂರು ಇಂಚಿನ ವಾಲ್, ಬಚ್ಚಲ ನೀರಿನ ಟಾಕಿಗೆ ಅದಕ್ಕಿಂತ ಸಣ್ಣದು. ನಮ್ಮಂತೆ ಚಕ್ರವಿಲ್ಲ, ತೆಳ್ಳನೆ ಅಲಗು ಸರಿಯುತ್ತದೆ. ಗಾಡಿ ನಿಂತಲ್ಲಿ ಪೈಪು ಜೋಡಿಸಿ ವಾಲ್ ತೆರೆದೇ ಇಟ್ಟಿದ್ದನಂತೆ. ಹಾಗಿಟ್ಟರೆ ನೀರು ಹರಿದು ಹೋಗಿ ಗಟ್ಟಿ ಪದಾರ್ಥ ಅಲ್ಲೇ ರಾಶಿ ಬೀಳುತ್ತದೆ. ನೀರು ಸುರಿದು ಸ್ವಲ್ಪ ದೂರ ಓಡಿಸು, ಕಲಕಲಿ, ರಾತ್ರಿಯಿಡೀ ನೆನೆಯಲಿ, ಬೆಳಗ್ಗೆ ಮೆಲ್ಲಗೆ ಹಿಂದೆ ಮುಂದೆ ಆಡಿಸು ಅಂದೆ. ರಬ್ಬರಿಗೆ ಸಿಲಿಕೋನ್ ಎಣ್ಣೆಯೇ ಬೇಕು, ಪೆಟ್ರೋಲಿಯಂ ಮೂಲದ ಗ್ರೀಸ್ ಅದನ್ನು ಕೆಡಿಸುತ್ತದೆ. ಇನ್ನು ಮೇಲೆ ವಾಲ್ ಮುಚ್ಚಿಡಬೇಕು, ಟಾಕಿ ಮುಕ್ಕಾಲು ತುಂಬಿದ ಮೇಲೆ ತೆರೆಯಬೇಕು. ಮೊದಲು ಸಂಡಾಸದ್ದು, ಆಮೇಲೆ ಬಚ್ಚಲದ್ದು. ಆ ಸೋಪಿನ ನೀರೇ ಪೈಪು ತೊಳೆಯುತ್ತದೆ.

ಮಾರನೆ ದಿನ ಸೇರಿಸಿದ್ದು: ಬಂತಂತೆ ಹಿಡಿಕಿ.

17 ಜುಲೈ, ಬುಧವಾರ

ತೇರದಾಳ ರಸ್ತೆಯ ಒಂದು ಮನೆ. ಎಷ್ಟೋ ವರ್ಷ ಮುಟ್ಟದ ಗುಂಡಿ. ಮುಳ್ಳು ಮೇಲೇರಿ ನಿಂತಿದೆ, ಪೈಪಿನಲ್ಲಿ ಏನೂ ಬರುತ್ತಿಲ್ಲ. ಮುಳ್ಳು ಏರದಿದ್ದರೆ ಸೋರಿಕೆ. ಏರಿಯೂ ಬರದಿದ್ದರೆ ಎಲ್ಲೋ ಕಟ್ಟಿದೆ. ವಾಲ್ ಸರಿಯಿತ್ತು. ತಳದ ಕೆಸರು ಪೈಪಿನ ಬಾಯಿಗೆ ಮೆತ್ತಿಕೊಂಡಿತ್ತು.

ಯಜಮಾನರು ಸಹಜವಾಗಿ ಅಂದರು: “ಒಬ್ಬನ್ನ ಇಳಸ್ರಿ, ಬಕೆಟ್‌ಲೇ ತಗೀಲಿ. ಐನೂರು ಜಾಸ್ತಿ ಕೊಡ್ತೀನಿ.”

“ಯಾರೂ ಇಳಿಯಂಗಿಲ್ಲರಿ.”

ನೀರು ಬಿಡಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ಹಿಡಿಕಿ ತಿರುಗಿಸಿ ಗಾಳಿ ಊದಿದೆ. ಕೆಸರು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಮೊದಲು ಕೊಳೆತ ತತ್ತಿಯ ನಾತ, ಹೆಚ್ಚಾದರೆ ಮೂಗೇ ಸತ್ತು ನಾತವೇ ಗೊತ್ತಾಗುವುದಿಲ್ಲ. ನಾತ ಹೋಯಿತೆಂದು ಇಳಿದವರು ಮೇಲೆ ಬರುವುದಿಲ್ಲ. ಊದಿ, ಎಳೆದು, ಮತ್ತೆ ಊದಿ, ಮಧ್ಯಾಹ್ನದ ಹೊತ್ತಿಗೆ ಗುಂಡಿ ಬರಿದಾಯಿತು.

ರೊಕ್ಕ ಎಣಿಸುವಾಗ ಯಜಮಾನರಿಗೆ ಹೇಳಿದೆ. ಮಲ ಹೊರುವುದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಗುಂಡಿಗೆ ಇಳಿಸಿದವರಿಗೆ ಮೊದಲ ಸಲವೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸತ್ತವರ ಮನೆಗೆ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದೆ. “ಹಂಗೇನಿಲ್ಲ ಬಿಡ್ರಿ, ಸುಮ್ನ ಅಂದೆ” ಅಂದರು. ಸುಮ್ಮನೆ ಅಂದದ್ದಲ್ಲ. ಇಳಿಯುವವನು ಯಾವ ಓಣಿಯಿಂದ ಬರುತ್ತಾನೆಂದು ಇಬ್ಬರಿಗೂ ಗೊತ್ತಿತ್ತು.

21 ಜುಲೈ, ಭಾನುವಾರ

ಗಾಡಿಗೆ ರಜೆ, ನನಗಿಲ್ಲ. ಸ್ಪಿಂಡಲ್ಲಿಗೆ ಗ್ರೀಸ್, ಕಪ್ಲಿಂಗಿಗೆ ಹೊಸ ಪಟ್ಟಿ. ಪಂಪಿಗೆ ಹೊಲಸು ಹೋಗದಂತೆ ತಡೆಯುವ ತೇಲುಚೆಂಡು ತೊಳೆದಿಟ್ಟೆ. ಅದು ಸಿಕ್ಕಿಕೊಂಡರೆ ಪಂಪೇ ಹೋಗುತ್ತದೆ. ದಿನದ ಕೊನೆಗೆ ಒಂದು ಸಲ ಶುದ್ಧ ನೀರು ಎಳೆದು ಪೈಪು, ವಾಲ್ ತೊಳೆಯಲೇಬೇಕೆಂದು ಹುಡುಗನಿಗೆ ಮತ್ತೆ ಹೇಳಿದೆ.

ಟೆಕ್ಸಾಸಿನ ಹುಡುಗ ಕೈಗವಸು ಹಾಕಿಕೊಂಡು ತನ್ನ ಮನೆಯ ಹೊಲಸನ್ನು ತಾನೇ ಬಿಡುತ್ತಾನೆ. ವಾಲಿಗೆ ಏನು ಸಿಕ್ಕಿಕೊಳ್ಳುತ್ತದೆಂದು ಅವನಿಗೆ ಗೊತ್ತು, ಆದ್ದರಿಂದ ಸಂಡಾಸಕ್ಕೆ ಏನೂ ಎಸೆಯುವುದಿಲ್ಲ. ಇಲ್ಲಿ ಎಸೆಯುವವರು ಒಬ್ಬರು, ಕೈ ಹಾಕುವವರು ಇನ್ನೊಬ್ಬರು. ಅದಕ್ಕೇ ಮೊನ್ನೆ ಬಿಚ್ಚಿದಾಗ ಸಿಕ್ಕ ಚೀಟಿ, ಬಟ್ಟೆಗಳ ಫೋಟೊ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ರೇಟು ಕೇಳಿದವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ.

ನಾಳೆ ರಬಕವಿಗೆ ಹೋದಾಗ ರಸೀದಿ ಪುಸ್ತಕ ಅಚ್ಚಿಗೆ ಕೊಡಬೇಕು. ಕೆಳಗೆ ಎರಡು ಸಾಲು ಹೆಚ್ಚಿಗೆ: ಸಂಡಾಸಕ್ಕೆ ಬಟ್ಟೆ, ಪ್ಲಾಸ್ಟಿಕ್, ನೂಲು ಹಾಕಬೇಡಿ. ಗುಂಡಿಗೆ ಮನುಷ್ಯರನ್ನು ಇಳಿಸಿ ಎಂದು ಕೇಳಬೇಡಿ. ಹಾಗೆ ಕೇಳಿದಲ್ಲಿ ಗಾಡಿ ನಿಲ್ಲುವುದಿಲ್ಲ.